ಎಲ್ ಬಾರಿಯೋ: ಒಂದು ನಗರಕೇರಿಯ ಗಾನಪರಂಪರೆ

ನ್ಯೂಯಾರ್ಕ್ ಮಹಾನಗರದ ಮ್ಯಾನ್‌ಹಟನ್ ದ್ವೀಪದಲ್ಲಿ ಪೂರ್ವ ಹಾರ್ಲೆಮ್ ಎಂಬ ಪ್ರದೇಶವುಂಟು. ಸ್ಪ್ಯಾನಿಷ್ ಭಾಷೆಯನ್ನಾಡುವ ಅಲ್ಲಿಯ ಜನರು ಅದನ್ನು 'ಎಲ್ ಬಾರಿಯೋ' ಎಂದು ಕರೆಯುವರು. 'ಬಾರಿಯೋ' ಎಂದರೆ ಕೇರಿ. 'ಎಲ್' ಎಂಬುದು ನಿರ್ದೇಶಕ ಪದ. ನಗರದಲ್ಲಿ ಕೇರಿಗಳು ಎಷ್ಟೋ ಇರಲಾಗಿ, ಇದೊಂದನ್ನೇ 'ಆ ಕೇರಿ' ಎಂದು ನಿರ್ದೇಶಿಸಿರುವುದರಲ್ಲಿಯೇ ಅವರ ಅಭಿಮಾನವು ವ್ಯಕ್ತವಾಗುವುದು. ಲ್ಯಾಟಿನ್ ಸಂಗೀತವೆಂದು ಪ್ರಸಿದ್ಧವಾಗಿರುವ ಗಾನನೃತ್ಯಪದ್ಧತಿಯ ಚರಿತ್ರೆಯಲ್ಲಿ ಈ ಕೇರಿಗೆ ವಿಶಿಷ್ಟವಾದ ಸ್ಥಾನವಿರುವುದು. ಅಲ್ಲಿಯ ಸಂಗೀತವು ಕ್ಯೂಬಾ, ಪೋರ್ಟೊರಿಕೊ ದ್ವೀಪಗಳ ವಲಸೆಗಾರರು ತಮ್ಮೊಡನೆ ತಂದ ಸರಕು ಮಾತ್ರವೆಂದು ಭಾವಿಸುವುದು ಸುಲಭ. ಬೀಜವು ದ್ವೀಪಗಳದೆಂಬುದು ನಿಜ. ಬೆಳೆಯಾದರೋ ಬಹುಮಟ್ಟಿಗೆ ಕೇರಿಯದು. ಇದಕ್ಕೆ ಕೇರಿಯ ಚರಿತ್ರೆಯೇ ಸಾಕ್ಷಿ.

೧. ವಲಸೆ

೧೮೯೮ರ ಯುದ್ಧದಲ್ಲಿ ಸ್ಪೇಯಿನ್ ಸೋತುದರಿಂದ ಪೋರ್ಟೊರಿಕೊ ದ್ವೀಪವು ಅಮೆರಿಕಾ ಸಂಯುಕ್ತಸಂಸ್ಥಾನಗಳ ವಶವಾಯಿತು. ೧೯೧೭ರ ಜೋನ್ಸ್ ಶಾಸನವು ದ್ವೀಪವಾಸಿಗಳಿಗೆ ಅಮೆರಿಕಾದ ಪೌರತ್ವವನ್ನು ಕೊಟ್ಟಿತು. ಆ ಮೇಲೆ ಯೆಹೂದ್ಯರೂ ಇಟಲಿಯವರೂ ನೆಲಸಿದ್ದ ಪೂರ್ವ ಹಾರ್ಲೆಮ್ಮಿಗೆ ಪೋರ್ಟೊರಿಕೊ ಜನರು ಹೆಚ್ಚು ಹೆಚ್ಚಾಗಿ ಬರತೊಡಗಿದರು.

ಅದೇ ೧೯೧೭ರಲ್ಲಿ ಜೇಮ್ಸ್ ರೀಸ್ ಯೂರೋಪ್ ಎಂಬ ಕರಿಯ ಜನಾಂಗದ ಸಂಗೀತನಾಯಕನು ಹಾರ್ಲೆಮ್ಮಿನ ಸೇನಾದಳವೊಂದರ ವಾದ್ಯಮೇಳಕ್ಕೆ ವಾದಕರನ್ನು ಅರಸುತ್ತ ಪೋರ್ಟೊರಿಕೊಗೆ ಹೋದನು. ಅಲ್ಲಿಯ ಪುರಸಭೆಗಳ ವಾದ್ಯಮೇಳಗಳಲ್ಲಿ ಸ್ವರಲಿಪಿಯನ್ನು ಓದಿ ನುಡಿಸಬಲ್ಲವರು ದೊರೆಯುತ್ತಿದ್ದರು. ಹಾಗೆ ಆರಿಸಲ್ಪಟ್ಟವರಲ್ಲಿ ರಫಾಯೆಲ್ ಎರ್ನಾಂಡೆಸ್ ಒಬ್ಬನು. ಮುಂದೆ ಈತನು ತನ್ನ ದ್ವೀಪದ ಗೀತಕಾರರಲ್ಲಿ ಅಗ್ರಗಣ್ಯನಾದನು.

೨. ಅಂಗಡಿಯೂ ಹಾಡೂ

ರಫಾಯೆಲನ ಸೋದರಿ ವಿಕ್ಟೋರಿಯಾ ಎರ್ನಾಂಡೆಸ್ ೧೯೨೭ರಲ್ಲಿ ಈ ಕೇರಿಯಲ್ಲಿ ಒಂದು ಸಂಗೀತದ ಅಂಗಡಿಯನ್ನು ತೆರೆದಳು. ಅಲ್ಲಿ ಗ್ರಾಮಫೋನ್ ತಟ್ಟೆಗಳ ಮಾರಾಟವಷ್ಟೇ ನಡೆಯುತ್ತಿರಲಿಲ್ಲ. ಈಕೆಯು ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದಳು. ಧ್ವನಿಮುದ್ರಣದ ಕಂಪೆನಿಗಳಿಗೂ ಬಡ ಗಾಯಕರಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸುತ್ತಿದ್ದಳು. ಒಂದೇ ಸೂರಿನಡಿ ಪಾಠಶಾಲೆಯೂ ಪೇಟೆಯೂ ಸೇರಿದ್ದುವು. ಅರಮನೆಯಾಗಲಿ ಗುಡಿಯಾಗಲಿ ಇಲ್ಲದ ಕಡೆ ಕಲೆಗೆ ಆಶ್ರಯವೆಲ್ಲಿ ಎಂಬ ಪ್ರಶ್ನೆಗೆ ಈ ಅಂಗಡಿಯೇ ಉತ್ತರ. ರಫಾಯೆಲನು ತನ್ನ ಗಾಯಕವೃಂದವೊಂದಕ್ಕೆ ಸೋದರಿಯ ಹೆಸರನ್ನೇ ಇಟ್ಟು 'ಕ್ವಾರ್ತೇತೋ ವಿಕ್ಟೋರಿಯಾ' ಎಂದು ಕರೆದನು.

ಈತನ ಕೃತಿಗಳಲ್ಲಿ ಅತಿ ಪ್ರಸಿದ್ಧವಾದುದು 'ಲಾಮೆಂತೋ ಬೊರಿಂಕಾನೋ', ಅಂದರೆ ಬೊರಿಂಕನ್ನನ ಪ್ರಲಾಪ. ಬೊರಿಂಕೆನ್ ಎಂಬುದು ಪೋರ್ಟೊರಿಕೊ ದ್ವೀಪದ ಮೂಲನಿವಾಸಿಗಳ ಕಾಲದ ಹೆಸರು. ಬೆಟ್ಟದೂರಿನ ರೈತನೊಬ್ಬನು ತನ್ನ ಬೆಳೆಯನ್ನು ಹೇರಿಕೊಂಡು, ಹೆಂಡತಿಗೆ ಉಡುಗೆ ಕೊಳ್ಳುವ ಕನಸು ಕಾಣುತ್ತ, ಪಟ್ಟಣಕ್ಕೆ ಹೊರಡುವನು; ಸಂತೆಯಲ್ಲಿ ಕೊಳ್ಳುವವರಿಲ್ಲದೆ ದುಃಖದಿಂದ ಹಿಂದಿರುಗುವನು. ಕಥಾವಸ್ತು ಇಷ್ಟೇ. ಇದರ ದೃಶ್ಯವೆಲ್ಲವೂ ದ್ವೀಪದ್ದು. ಆದರೆ ೧೯೨೯ರಲ್ಲಿ ಇದು ರಚಿತವಾದುದು ನ್ಯೂಯಾರ್ಕಿನಲ್ಲಿ, ೧೯೩೦ರಲ್ಲಿ ಇದನ್ನು ಧ್ವನಿಮುದ್ರಿಸಿದುದು 'ಕನಾರಿಯೋ' ಎಂಬ ಗಾಯಕನ ತಂಡ. ಊರಿನಲ್ಲಿದ್ದವನಿಗೆ ಆ ರೈತನು ನೆರೆಯವನು. ಊರು ಬಿಟ್ಟವನಿಗೆ ಅವನೇ ಊರು. ಅಗಲಿಕೆಯ ಈ ದೂರವೇ ಪದ್ಯಕ್ಕೆ ಕರುಣರಸವನ್ನು ತುಂಬಿತೆಂದು ಹೇಳಬಹುದು. ಮುಂದೆ ಇದು ಪೋರ್ಟೊರಿಕೊ ಜನರಿಗೆ ನಾಡಗೀತೆಯೋ ಎಂಬಂತೆ ಪ್ರಿಯವಾಯಿತು.

೩. ಲಯದ ಸೂತ್ರ

ಕೇರಿಯಲ್ಲಿ ಬೆಳೆದ ನೃತ್ಯಸಂಗೀತದ ಪ್ರಾಣವು 'ಕ್ಲಾವೆ' ಎಂಬ ಲಯಸೂತ್ರ. ಈ ಶಬ್ದಕ್ಕೆ 'ಕೀಲಿಕೈ' ಎಂದರ್ಥ. ಇದನ್ನು ನುಡಿಸುವ ಎರಡು ಮರದ ಕೋಲುಗಳಿಗೂ ಅದೇ ಹೆಸರು. ಹದಿನಾರು ಸಣ್ಣ ಎಣಿಕೆಗಳ ಒಂದು ಆವರ್ತದಲ್ಲಿ ಐದು ಪೆಟ್ಟುಗಳು ಬೀಳುವುವು. ಅವುಗಳ ನಡುವಣ ಅಂತರವು ಕ್ರಮವಾಗಿ ೩, ೩, ೪, ೨, ೪. ಮೊದಲರ್ಧದಲ್ಲಿ ಮೂರು ಪೆಟ್ಟು, ಉತ್ತರಾರ್ಧದಲ್ಲಿ ಎರಡು. ಅರ್ಧಗಳನ್ನು ಅದಲುಬದಲು ಮಾಡಿಯೂ ನುಡಿಸುವುದುಂಟು. ಕೋಲುಗಳ ಸದ್ದು ಕೇಳಿಸದಿರುವಾಗಲೂ ಗಾಯಕನ ಪದವಿನ್ಯಾಸ, ಪಿಯಾನೋ, ಮದ್ದಳೆಗಳು ಈ ಸೂತ್ರಕ್ಕೆ ಹೊಂದಿಕೊಂಡೇ ನಡೆಯಬೇಕು; ತಪ್ಪಿದರೆ ಅದು ದೋಷವೆನಿಸುವುದು. ಇದರ ಮೂಲವು ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯಪದ್ಧತಿಯಲ್ಲಿರುವುದು.

ಈ ಸೂತ್ರವನ್ನೂ ಹಾರ್ಲೆಮ್ಮಿನ ಜಾಸ್ ಸಂಗೀತವನ್ನೂ ಬೆಸೆದುದೇ ಕೇರಿಯ ದೊಡ್ಡ ಸಾಧನೆ. ಕ್ಯೂಬಾದಿಂದ ಬಂದ 'ಮಾಚೀತೋ' ೧೯೪೦ರಲ್ಲಿ ಕಟ್ಟಿದ ಮೇಳಕ್ಕೆ 'ಆಫ್ರೋ-ಕ್ಯೂಬನ್ಸ್' ಎಂದು ಹೆಸರಿಟ್ಟನು. ಆಫ್ರಿಕಾದ ರಕ್ತವನ್ನು ಮರೆಮಾಚುವುದು ಲಾಭಕರವಾಗಿದ್ದ ಕಾಲದಲ್ಲಿ ಅದನ್ನು ಹೆಸರಿನಲ್ಲಿಯೇ ಸಾರಿದುದು ಧೈರ್ಯದ ಕಾರ್ಯ. ಮೇಳದ ಸಂಗೀತನಿರ್ದೇಶಕನಾದ ಮಾರಿಯೋ ಬಾವ್ಸಾ ಜಾಸ್ ಮೇಳಗಳಲ್ಲಿ ನುರಿತವನು. ೧೯೪೩ರ ಈತನ 'ತಾಂಗಾ' ಎಂಬ ಕೃತಿಯು ಈ ಸಂಗಮಕ್ಕೆ ಆದಿಮ ನಿದರ್ಶನವೆಂದು ಎಣಿಸಲ್ಪಟ್ಟಿದೆ. ವಿಕ್ಟೋರಿಯಾಳಲ್ಲಿ ಪಿಯಾನೋ ಕಲಿತ ತೀತೋ ಪುಯೆಂತೆ (೧೯೨೩–೨೦೦೦) ಕೇರಿಯಲ್ಲಿಯೇ ಬೆಳೆದವನು. 'ತಿಂಬಾಲೆ' ಎಂಬ ಜೋಡಿ ಚರ್ಮವಾದ್ಯವನ್ನು ಮೇಳದ ಹಿಂದಿನ ಸಾಲಿನಿಂದ ಮುಂದಕ್ಕೆ ತಂದನು. ೧೯೬೦ರ ದಶಕದಲ್ಲಿ ಕೇರಿಯ ತರುಣರು ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಬೆರಸಿ 'ಬೂಗಲೂ' ಹಾಡುಗಳನ್ನು ಕಟ್ಟಿದರು. ಎರಡು ಭಾಷೆಗಳಲ್ಲಿ ಬದುಕುವವರ ಮನಸ್ಸು ಹಾಡಾದ ಬಗೆಯನ್ನು ಇವುಗಳಲ್ಲಿ ಕಾಣಬಹುದು.

೪. ಸ್ಮರಣೆಯ ಬಗೆ

ಇಂದು ೧೧೦ನೆಯ ಬೀದಿಯ ಪೂರ್ವಭಾಗವು ಪುಯೆಂತೆಯ ಹೆಸರನ್ನು ಹೊತ್ತಿದೆ. ಮಾಚೀತೋವಿನ ಹೆಸರಿನ ಚೌಕವೂ ಉಂಟು. ೧೯೬೯ರಲ್ಲಿ ಸ್ಥಾಪಿತವಾದ 'ಮ್ಯೂಸಿಯೋ ದೆಲ್ ಬಾರಿಯೋ' ಎಂಬ ವಸ್ತುಸಂಗ್ರಹಾಲಯವು ಜನರ ಕಲಾಸಂಪತ್ತನ್ನು ಕಾಪಾಡುತ್ತಿದೆ. ಇವೆಲ್ಲವೂ ಶ್ಲಾಘ್ಯವೇ. ಆದರೆ ಮನೆಬಾಡಿಗೆಗಳು ಏರಿ ಹಳೆಯ ಕುಟುಂಬಗಳು ಕೇರಿಯನ್ನು ಬಿಡುತ್ತಿರುವಾಗ, ಹಾಡಿದವರ ಹೆಸರು ಬೀದಿಯಲ್ಲಿ ಉಳಿದು, ಹಾಡುವವರು ಬೀದಿಯಲ್ಲಿ ಇಲ್ಲದಂತಾಗುವ ಭಯವುಂಟು.

ವಿಕ್ಟೋರಿಯಾಳ ಉದ್ಯಮದ ಮುಂದಿನ ಕಥೆಯು ಇಲ್ಲಿ ಗಮನಾರ್ಹ. ೧೯೪೧ರಲ್ಲಿ ಈಕೆಯು ಬ್ರಾಂಕ್ಸ್ ಪ್ರದೇಶದಲ್ಲಿ ಅಂಗಡಿಯನ್ನು ತೆರೆದಳು. ಕೇರಿಯ ಜನರೂ ಅತ್ತ ಹರಡುತ್ತಿದ್ದರು. ೧೯೬೯ರಲ್ಲಿ ಅದನ್ನು ಇನ್ನೊಬ್ಬ ಗೀತಕಾರನಾದ ಮಿಗೆಲ್ ಆಂಹೆಲ್ ಅಮದೇಯೋ ಕೊಂಡು ನಡೆಸಿದನು. ೨೦೦೧ರಲ್ಲಿ 'ಕಾಸಾ ಅಮದೇಯೋ' ಎಂಬ ಹೆಸರಿನಿಂದ ಅದು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಕೋಟೆ ಕೊತ್ತಲಗಳ ಸಾಲಿನಲ್ಲಿ ಒಂದು ತಟ್ಟೆಯಂಗಡಿಗೆ ಮನ್ನಣೆ ದೊರೆತುದು ಉಚಿತವೇ ಸರಿ. ಕೇರಿಯ ಪರಂಪರೆಯು ಮುಖ್ಯವಾಗಿ ಕಲಿಸುವವರು, ಕಲಿಯುವವರು, ಕೇಳುವವರು ದಿನವೂ ಸೇರುವ ಸಣ್ಣ ಸ್ಥಳಗಳಲ್ಲಿ ಬಾಳಿತು. ಅಂತಹ ಸ್ಥಳಗಳು ಉಳಿದರೆ ಮಾತ್ರವೇ ಬೀದಿಯ ಫಲಕಗಳು ಸಾರ್ಥಕವಾಗುವುವು.