ಕೋವಿ ಹೊತ್ತು ಬೀದಿಗೆ

ಸಖರಾಯಪಟ್ಟಣದ ಬೀದಿಯಲ್ಲಿ ಯಾರಾದರೂ ಬಂದೂಕು ಹೆಗಲಿಗೇರಿಸಿ ಹೊರಟರೆ ಜನ ಬೆಚ್ಚಿ ನೋಡುತ್ತಾರೆ. ಕಾಡುಹಂದಿಯಿಂದ ಬೆಳೆ ಕಾಯಲೆಂದರೂ ಇಲ್ಲಿನ ರೈತನಿಗೆ ಪರವಾನಗಿ ಬೇಕೇ ಬೇಕು. ಪಶ್ಚಿಮಘಟ್ಟದ ಸಾಲು ಹಿಡಿದು ದಕ್ಷಿಣಕ್ಕೆ ಕೊಡಗು ಸೇರಿದರೆ ಮಾತೇ ಬೇರೆ. 1857ರ ದಂಗೆಯ ನಂತರ ಆಂಗ್ಲರು ದೇಶದ ಜನರ ಆಯುಧ ಕಸಿಯತೊಡಗಿದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

ಕಾನೂನಿಗಿಂತ ಸ್ವಾರಸ್ಯವಾದದ್ದು ಕೈಲ್‌ಪೊಳ್ದ್ ಹಬ್ಬದ ಕಟ್ಟಳೆ. ನಾಟಿ ಮುಗಿದ ಸೆಪ್ಟೆಂಬರಿನಲ್ಲಿ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. 'ತೋಕ್' ಎಂದರೆ ಕೋವಿ. ಹೂವು ನಮ್ಮ ಅಗ್ನಿಶಿಖೆ. ನೋಡಲು ಬೆಂಕಿಯಂತೆ ಚೆಲುವು, ಗಡ್ಡೆಯಲ್ಲಿ ಮಾತ್ರ ಕಾಲ್ಚಿಸಿನ್ ಎಂಬ ಕಡು ವಿಷ! ಪೂಜೆಯಾದ ಮೇಲೆ ಹಿರಿಯರ ಕೈಯಿಂದ ಕೋವಿ ಪಡೆದು ಮೊದಲ ಸಲ ನಾಲ್ಕು ಜನರೆದುರು ನಡೆಯುವ ತರುಣನಿಗೆ ಎದೆಯುಬ್ಬುವುದು ಸಹಜ. ಆದರೆ ಪರವಾನಗಿಗಷ್ಟೇ ವಿನಾಯಿತಿ, ಕೈತಪ್ಪಿ ಹಾರಿದ ಗುಂಡಿಗಲ್ಲ. ಅವನ ಕಣ್ಣು ಕೈ ಎರಡೂ ಅಂದೇ ಪರೀಕ್ಷೆಗೊಳಗಾಗುತ್ತವೆ: ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರ ಮುಂದೆ ಗುರಿಯಿಡಬೇಕು.

ಗುಂಡಿಗೂ ಅಲ್ಲಿ ಅರ್ಥವುಂಟು. ಗಂಡುಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು. ಜೋಡಿ ಸದ್ದು ಕೇಳಿದರೆ ನೆರೆಯವರು ಕೆಲಸ ಬಿಟ್ಟು ಆ ಮನೆಯತ್ತ ಹೊರಡುತ್ತಿದ್ದರು.