ಸುಡುವ ತಾರಸಿಗೆ ತೆರಿಗೆಯ ತಂಪು

ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೆ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇಲ್ಮಹಡಿಯ ಬಾಡಿಗೆ ಮನೆಯೊಂದನ್ನು ಹೊಕ್ಕರೆ, ಸೆಕೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಾಗಿಲ್ಲ. ಕೈ ಮೇಲೆತ್ತಿದರೆ ಸಾಕು. ಹಗಲೆಲ್ಲ ಬಿಸಿಲಿಗೆ ಕಾದ ಆರ್‌ಸಿಸಿ ಚಾವಣಿ ಆ ಹೊತ್ತಿನಲ್ಲಿ ತನ್ನ ಕಾವನ್ನು ಕೋಣೆಯೊಳಕ್ಕೆ ಬಿಡುತ್ತಿರುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ಸುತ್ತಿಸುತ್ತದೆ. ಕೆಲವರು ಸಂಜೆಯೇ ತಾರಸಿಗೆ ನಾಲ್ಕು ಬಕೆಟ್ ನೀರು ಸುರಿದು ಬಂದಿರುತ್ತಾರೆ; ಕೈಯಲ್ಲಿ ಕಾಸಿದ್ದವರು ಕೂಲರ್ ಅಥವಾ ಎಸಿ ತರುತ್ತಾರೆ.

ತಾರಸಿಗೆ ಸುಣ್ಣವನ್ನೋ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣವನ್ನೋ ಬಳಿದರೆ ಈ ಕಾವು ಬಹಳಷ್ಟು ಇಳಿಯುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ಆದರೂ ಆಗುತ್ತಿಲ್ಲವೇಕೆ? ಮನೆ ಕಟ್ಟಿಸಿದವರು ಮಾಲೀಕರು, ಬೇಯುವವರು ಬಾಡಿಗೆದಾರರು. ಖರ್ಚು ಒಬ್ಬರ ಜೇಬಿನದು, ಲಾಭ ಇನ್ನೊಬ್ಬರದು. ಮಾಲೀಕರನ್ನು ನೇರವಾಗಿ ಮುಟ್ಟಲು ನಗರಾಡಳಿತದ ಕೈಯಲ್ಲಿರುವ ಒಂದೇ ದೊಡ್ಡ ಹಿಡಿ ಆಸ್ತಿ ತೆರಿಗೆ.

ಆ ಹಿಡಿಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2008ರಲ್ಲಿ ಬಲವಾಗಿಯೇ ಹಿಡಿಯಿತು. ತಾರಸಿಗೆ ಸೌರಫಲಕ ಹಾಕಿಸುವ ಹಣವನ್ನು ನಗರಾಡಳಿತವೇ ಮುಂಗಡವಾಗಿ ಕೊಟ್ಟಿತು. ಮಾಲೀಕರು ಅದನ್ನು 20 ವರ್ಷಗಳಲ್ಲಿ ಆಸ್ತಿ ತೆರಿಗೆಯ ಜೊತೆಗೇ ತೀರಿಸಬೇಕು. ಸಾಲ ವ್ಯಕ್ತಿಯ ಮೇಲಲ್ಲ, ಮನೆಯ ಮೇಲೆ. ಮನೆ ಮಾರಿದರೆ ಉಳಿದ ಕಂತು ಕೊಂಡವರಿಗೆ ಹೋಗುತ್ತದೆ. ನಾಲ್ಕು ವರ್ಷದಲ್ಲಿ ಊರು ಬಿಡುವವರು ಇಪ್ಪತ್ತು ವರ್ಷದ ಲಾಭಕ್ಕೆ ಏಕೆ ಹಣ ಹೂಡಬೇಕು ಎಂಬ ಹಳೆಯ ಪ್ರಶ್ನೆಗೆ ಅಷ್ಟು ಸರಳವಾದ ಉತ್ತರ ಅದುವರೆಗೆ ಸಿಕ್ಕಿರಲಿಲ್ಲ.

ಆದರೆ ಬಡ್ಡಿ ಶೇ 7.75 ಇತ್ತು. ಪ್ರಯೋಗದಲ್ಲಿ ಕೊನೆಗೆ ಕೆಲಸ ಮುಗಿಸಿದ್ದು 13 ಮನೆಗಳು ಮಾತ್ರ. ಮಾದರಿ ಬೇರೆ ಊರುಗಳಿಗೆ ಹಬ್ಬುತ್ತಿದ್ದಂತೆ 2010ರಲ್ಲಿ ಅಮೆರಿಕದ ಗೃಹಸಾಲ ನಿಯಂತ್ರಕರು ತಡೆದರು: ತೆರಿಗೆ ಬಾಕಿಗೆ ಬ್ಯಾಂಕ್ ಸಾಲಕ್ಕಿಂತ ಮೊದಲ ಹಕ್ಕು ಇರುವುದರಿಂದ ಬ್ಯಾಂಕುಗಳಿಗೆ ಅಪಾಯ ಎಂಬುದು ಅವರ ವಾದ. ಮುಂದೆ ಖಾಸಗಿ ಕಂಪನಿಗಳ ಮೂಲಕ ಯೋಜನೆ ನಡೆದ ಕಡೆ, ಕಂತು ಕಟ್ಟಲಾಗದ ವೃದ್ಧರು ಮತ್ತು ಬಡವರು ಮನೆಯನ್ನೇ ಕಳೆದುಕೊಳ್ಳುವ ಭೀತಿಗೆ ಸಿಕ್ಕರು. ಲಾಸ್ ಏಂಜಲೀಸ್ ಕೌಂಟಿ 2020ರಲ್ಲಿ ಮನೆಗಳಿಗೆ ಈ ಯೋಜನೆಯನ್ನು ನಿಲ್ಲಿಸಿತು. ಬರ್ಕ್ಲಿಯ ಆಲೋಚನೆ ಒಳ್ಳೆಯದೇ. ಆದರೆ ತೀರಿಸುವ ಶಕ್ತಿ ಇದೆಯೇ ಎಂದು ನೋಡದೆ ಸಾಲ ಹಂಚಿದರೆ ಎಂಥ ಒಳ್ಳೆಯ ಆಲೋಚನೆಯೂ ಕೆಡುತ್ತದೆ.

ನಮ್ಮ ದೇಶದ ನಗರಗಳು ಹಿಡಿದದ್ದು ಇದಕ್ಕಿಂತ ಮೆತ್ತಗಿನ ದಾರಿ. ಪುಣೆ ಮಹಾನಗರ ಪಾಲಿಕೆ ಸೌರ ಸಾಧನ, ಮಳೆನೀರು ಸಂಗ್ರಹ, ಎರೆಗೊಬ್ಬರ ಇವುಗಳಲ್ಲಿ ಒಂದನ್ನು ಅಳವಡಿಸಿಕೊಂಡವರಿಗೆ ತೆರಿಗೆಯಲ್ಲಿ ಶೇ 5, ಎರಡನ್ನಾದರೂ ಅಳವಡಿಸಿಕೊಂಡವರಿಗೆ ಶೇ 10 ರಿಯಾಯಿತಿ ಕೊಡುತ್ತ ಬಂದಿದೆ. ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಹಸಿರು ಕಟ್ಟಡಕ್ಕೆ ಸಿಗುವ ‘ಗೃಹ’ ಶ್ರೇಣಿಯ ನಕ್ಷತ್ರ ಹೆಚ್ಚಿದಂತೆ ಕಟ್ಟುವವರಿಗೂ ವಾಸಿಸುವವರಿಗೂ ರಿಯಾಯಿತಿ ಹೆಚ್ಚು. ಮಿತಿಗಳೂ ಇವೆ. ವರ್ಷಕ್ಕೆ 8,000 ರೂಪಾಯಿ ತೆರಿಗೆ ಕಟ್ಟುವವರಿಗೆ ಶೇ 5 ಅಂದರೆ 400 ರೂಪಾಯಿ. ಅಷ್ಟರ ಆಸೆಗೆ ಯಾರೂ ಸೌರಫಲಕ ಹಾಕಿಸುವುದಿಲ್ಲ. ರಿಯಾಯಿತಿ ಪಡೆದ ಮೇಲೆ ಸಾಧನ ಕೆಟ್ಟು ಕೂತರೂ ಕೇಳುವವರಿಲ್ಲದಿದ್ದರೆ ಪಾಲಿಕೆಯ ಹಣ ಪೋಲಾಗುತ್ತದೆ.

ಬೆಂಗಳೂರಿನ ತಾರಸಿಗಳಲ್ಲಿ ಸಾಲುಸಾಲಾಗಿ ಕಾಣುವ ಸೋಲಾರ್ ವಾಟರ್ ಹೀಟರ್‌ಗಳ ಹಿಂದಿರುವುದು ಪಾಲಿಕೆಯಲ್ಲ, ವಿದ್ಯುತ್ ಇಲಾಖೆ. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಹೀಟರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಇಲ್ಲ ಎಂಬ ನಿಯಮ ಬಂತು. ಹಾಕಿಸಿದವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಲ್ಲಿನಲ್ಲಿ ಕಡಿತವಾಗುತ್ತಿತ್ತು. ಕೆಲಸ ಮಾಡಿದ್ದು ಆ 50 ರೂಪಾಯಿಗಿಂತ ಹೆಚ್ಚಾಗಿ ಕನೆಕ್ಷನ್ನಿನ ಷರತ್ತು. ಹೊಸ ಮನೆಗೆ ನಿಯಮ, ಹಳೆಯ ಮನೆಗೆ ಉತ್ತೇಜನ ಎಂಬ ಪಾಠವನ್ನು ಇಲ್ಲಿಂದ ಕಲಿಯಬಹುದು.

ಹೊಸ ಮನೆಯ ಶಾಖಕ್ಕೂ ನಿಯಮವೇನೋ ಇದೆ. ಗೋಡೆ, ಕಿಟಕಿಗಳ ಮೂಲಕ ಮನೆಯೊಳಗೆ ಎಷ್ಟು ಶಾಖ ನುಗ್ಗಬಹುದು ಎಂಬುದಕ್ಕೆ ಮಿತಿ ಹಾಕುವ ‘ಇಕೋ ನಿವಾಸ್ ಸಂಹಿತೆ’ಯನ್ನು ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದಿತು. ಅದು ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ನಮ್ಮ ಬಡಾವಣೆಗಳ 30x40 ಸೈಟು ಎಂದರೆ ಸುಮಾರು 111 ಚದರ ಮೀಟರ್. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನು ಜಾರಿಗೆ ತಂದಿತು, ಒಳ್ಳೆಯ ಹೆಜ್ಜೆ. ಅಲ್ಲೂ ಮನೆಗಳಿಗೆ ಕಡ್ಡಾಯವಾದದ್ದು 600 ಚದರ ಗಜದಿಂದ ಮೇಲೆ. ಸಾಮಾನ್ಯರು ವಾಸಿಸುವ ಮನೆ ಎರಡೂ ಕಡೆ ಹೊರಗೇ ಉಳಿಯಿತು.

ಅಹಮದಾಬಾದ್ ಮಾತ್ರ ಈ ಚಿಕ್ಕ ಮನೆಗಳಿಂದಲೇ ಶುರು ಮಾಡಿತು. 2010ರ ಮೇ ತಿಂಗಳ ಭೀಕರ ಬಿಸಿಗಾಳಿಯ ನಂತರ ಅಲ್ಲಿನ ಪಾಲಿಕೆ 2013ರಲ್ಲಿ ಶಾಖ ಕ್ರಿಯಾಯೋಜನೆ ರೂಪಿಸಿತು. 2017ರಲ್ಲಿ ಬಡವರ 3,000ಕ್ಕೂ ಹೆಚ್ಚು ಮನೆಗಳ ಚಾವಣಿಗೆ ಬಿಳಿ ಬಳಿಸಿತು.

ಬಿಳಿ ತಾರಸಿಗೆ ತೆರಿಗೆ ರಿಯಾಯಿತಿ ಕೊಡುವುದು ಕರ್ನಾಟಕದ ಪಾಲಿಕೆಗಳಿಗೆ ಕಷ್ಟದ ಕೆಲಸವಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ತೆರಿಗೆ ಪದ್ಧತಿಯಲ್ಲಿ ಚಾವಣಿ ಆರ್‌ಸಿಸಿಯೋ ಹೆಂಚೋ ಶೀಟೋ ಎಂಬುದರ ಮೇಲೂ ದರ ನಿಂತಿತ್ತು. ಅಂದರೆ ಚಾವಣಿಯ ಬಗ್ಗೆ ಕೇಳುವ ಅಭ್ಯಾಸ ಆಡಳಿತಕ್ಕೆ ಹೊಸದಲ್ಲ. ಏಪ್ರಿಲ್‌ನಲ್ಲೇ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುವ ರೂಢಿಯೂ ಇದೆ. ಬೇಗ ಕಟ್ಟಿದ್ದಕ್ಕೆ ಕೊಡುವಷ್ಟನ್ನು ಬಿಳಿ ತಾರಸಿಗೂ ಕೊಡಲಿ. ಸುಣ್ಣ ಬಳಿಯುವಂಥ ಅಗ್ಗದ ಕೆಲಸಕ್ಕೆ ಆ ಚಿಕ್ಕ ಮೊತ್ತವೂ ನೆರವಾಗುತ್ತದೆ. ಎರಡು ವರ್ಷಕ್ಕೊಮ್ಮೆ ತಾರಸಿಯ ಫೋಟೊ ಕೇಳಿದರೆ ಮೋಸಕ್ಕೂ ಕಡಿವಾಣ ಬೀಳುತ್ತದೆ. ಸೌರಫಲಕಕ್ಕೆ ಕೇಂದ್ರದ ‘ಸೂರ್ಯಘರ್’ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಕಾಯುವ ಚಾವಣಿಯನ್ನು ತಂಪು ಮಾಡಲು ಅಂಥ ಯಾವ ಆಸರೆಯೂ ಇಲ್ಲ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಗಳಲ್ಲಿ ಬಿಲ್ ಉಳಿಸುವ ಆಸೆಯನ್ನು ನಂಬಿ ಕೂರುವಂತೆಯೂ ಇಲ್ಲ.

ಬಜೆಟ್‌ಗೆ ಮುನ್ನ ನಿಮ್ಮೂರಿನ ಪಾಲಿಕೆ ಸಾರ್ವಜನಿಕರ ಸಲಹೆ ಕೇಳಿದಾಗ ಈ ಶೇ 5ರ ಬೇಡಿಕೆಯನ್ನು ಬರೆದು ಕೊಡಿ. ಬಾಡಿಗೆ ಮನೆಯಲ್ಲಿದ್ದರಂತೂ ತಪ್ಪದೆ ಕೊಡಿ.