ಪಾಲಿಕಾರ್ಬೊನೇಟ್: ಗುಣಗಳು, ಕೈಗಾರಿಕಾ ಬಳಕೆ ಮತ್ತು ಕೊಬ್ಬರಿ ಒಣಗಿಸುವಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ತೆಂಗನ್ನು ಆಶ್ರಯಿಸಿದೆ. ಇಲ್ಲಿನ ಪ್ರಸಿದ್ಧ ಉಂಡೆ ಕೊಬ್ಬರಿಯನ್ನು ಬಿಸಿಲಿನಲ್ಲಿ ಒಣಗಿಸುವುದಿಲ್ಲ. ಸಿಪ್ಪೆ ಸಹಿತವಾದ ಕಾಯಿಗಳನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲಿಟ್ಟಾಗ ಒಳಗಿನ ನೀರು ಇಂಗಿ, ತಿರುಳು ತಾನಾಗಿಯೇ ಕರಟದಿಂದ ಬಿಡಿಸಿಕೊಳ್ಳುತ್ತದೆ. ಎಣ್ಣೆಗಾಗಿ ಒಡೆದ ಹೋಳು ಕೊಬ್ಬರಿಯ ಸ್ಥಿತಿ ಬೇರೆ. ಹಸಿ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ, ಅದನ್ನು ಶೇ. 6ರ ಆಸುಪಾಸಿಗೆ ಇಳಿಸಬೇಕು. ವಿಳಂಬವಾದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ವಿಷವನ್ನು ಉತ್ಪಾದಿಸಬಲ್ಲದು. ತೆರೆದ ಕಣದಲ್ಲಿ ಧೂಳು ಮತ್ತು ಮಳೆಯ ಭಯ. ಹೊಗೆಗೂಡಿನಲ್ಲಿ ಬಣ್ಣ, ವಾಸನೆ ಕೆಡುವ ಭಯ. ಪಾರದರ್ಶಕ ಹೊದಿಕೆಯ ಸೌರ ಒಣಗುಮನೆ ಇವೆರಡಕ್ಕೂ ಪರ್ಯಾಯವಾಗಿದ್ದು, ಆ ಹೊದಿಕೆಗೆ ಒದಗುವ ವಸ್ತುಗಳಲ್ಲಿ ಪಾಲಿಕಾರ್ಬೊನೇಟ್ ಮುಖ್ಯವಾದುದು.

ರಚನೆ ಮತ್ತು ಗುಣಗಳು

1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಹಾಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಈ ಪಾಲಿಮರನ್ನು ಪ್ರತ್ಯೇಕವಾಗಿ ರೂಪಿಸಿದರು. ಬಿಸ್‌ಫಿನಾಲ್-ಎ ಘಟಕಗಳು ಕಾರ್ಬೊನೇಟ್ ಬಂಧಗಳಿಂದ ಸರಪಣಿಯಾಗಿ ಕೂಡಿಕೊಂಡಿರುವುದರಿಂದ ಇದಕ್ಕೆ ಈ ಹೆಸರು. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.2 ಗ್ರಾಂ, ಅಂದರೆ ಗಾಜಿನ ಅರ್ಧಕ್ಕಿಂತ ಕಡಿಮೆ. ಗೋಚರ ಬೆಳಕಿನ ಶೇ. 88ರಷ್ಟು ಭಾಗ ಇದರ ಮೂಲಕ ಹಾಯುತ್ತದೆ. ಸುಮಾರು 147 ಡಿಗ್ರಿ ಸೆಲ್ಸಿಯಸ್‌ನವರೆಗೆ ಇದು ಮೃದುವಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ಇದರ ಆಘಾತ ಸಹಿಷ್ಣುತೆ. ಈ ಕಾರಣದಿಂದಲೇ ವಾಹನಗಳ ಮುಂದೀಪ, ರಕ್ಷಣಾ ಕನ್ನಡಕ, ಪೊಲೀಸ್ ಗುರಾಣಿ ಮತ್ತು ವಿದ್ಯುತ್ ಮೀಟರಿನ ಹೊದಿಕೆಗಳಲ್ಲಿ ಇದನ್ನು ಬಳಸಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಕೂಡ ಇದರದೇ.

ಒಣಗುಮನೆಯಲ್ಲಿ

ತೋಟದಲ್ಲಿ ಗಾಳಿಗೆ ಸೋಗೆ ಉದುರುವುದು ಸಾಮಾನ್ಯ. ಗಾಜು ಒಡೆಯುವ ಹೊಡೆತವನ್ನು ಪಾಲಿಕಾರ್ಬೊನೇಟ್ ತಾಳಿಕೊಳ್ಳುತ್ತದೆ. ಒಳಗೆ ಬಂದ ಬಿಸಿಲು ಶಾಖವಾಗಿ ಮಾರ್ಪಟ್ಟು ದೀರ್ಘ ತರಂಗದ ಅವಕೆಂಪು ಕಿರಣಗಳಾಗಿ ಹೊಮ್ಮಿದಾಗ, ಸಾಮಾನ್ಯ ಪಾಲಿಥೀನ್ ಹಾಳೆ ಅವುಗಳಲ್ಲಿ ಬಹುಭಾಗವನ್ನು ಹೊರಗೆ ಬಿಡುತ್ತದೆ, ಪಾಲಿಕಾರ್ಬೊನೇಟ್ ತಡೆಯುತ್ತದೆ. ಎರಡು ಪದರಗಳ ನಡುವೆ ಗಾಳಿಯ ಕೋಶಗಳುಳ್ಳ ಹಾಳೆಯಲ್ಲಿ ಶಾಖನಷ್ಟ ಇನ್ನೂ ಕಡಿಮೆ. ಕೊಬ್ಬರಿಗೆ ಬೇಕಾದ 50–70 ಡಿಗ್ರಿ ಉಷ್ಣತೆ ಈ ವಸ್ತುವಿನ ಮಿತಿಗಿಂತ ಬಹಳ ಕೆಳಗಿದೆ. ಆದರೆ ತೇವದ ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ಶಾಖವೊಂದೇ ಕೊಬ್ಬರಿಯನ್ನು ಒಣಗಿಸಲಾರದು.

ಮಿತಿಗಳು

ಅತಿನೇರಳೆ ಕಿರಣಗಳಿಂದ ಇದು ಹಳದಿಗಟ್ಟಿ ಬಿರುಸಾಗುತ್ತದೆ. ಆದುದರಿಂದ ರಕ್ಷಣಾ ಲೇಪವಿರುವ ಮುಖವೇ ಸೂರ್ಯನ ಕಡೆಗಿರಬೇಕು. ಕ್ಷಾರ ಮತ್ತು ಅಮೋನಿಯಾ ಕಾರ್ಬೊನೇಟ್ ಬಂಧವನ್ನು ಮುರಿಯುತ್ತವೆ. ಹೀಗಾಗಿ ಬೇಸಿಗೆಯ ನೆರಳಿಗೆಂದು ಹಾಳೆಗೆ ಸುಣ್ಣ ಬಳಿಯುವುದಾಗಲಿ, ಕೊಟ್ಟಿಗೆ ಅಥವಾ ತಿಪ್ಪೆಗೆ ಒತ್ತಿಕೊಂಡು ಒಣಗುಮನೆ ಕಟ್ಟುವುದಾಗಲಿ ಯುಕ್ತವಲ್ಲ. ಉಷ್ಣ ವಿಕಾಸವೂ ಹೆಚ್ಚು: ಆರು ಮೀಟರ್ ಹಾಳೆ 30 ಡಿಗ್ರಿ ಏರಿಕೆಗೆ ಸುಮಾರು 12 ಮಿಲಿಮೀಟರ್ ಹಿಗ್ಗುವುದರಿಂದ ತಿರುಪಿನ ರಂಧ್ರಗಳಲ್ಲಿ ಸಡಿಲ ಬಿಡಬೇಕು.

ಆಹಾರಕ್ಕೆ ಸೇರಬಹುದಾದ ಬಿಸ್‌ಫಿನಾಲ್-ಎ ಕುರಿತ ಆತಂಕದಿಂದ ಐರೋಪ್ಯ ಒಕ್ಕೂಟ 2011ರಲ್ಲಿ ಹಾಲೂಡಿಸುವ ಶಿಶು ಬಾಟಲಿಗಳಲ್ಲಿ ಪಾಲಿಕಾರ್ಬೊನೇಟ್ ಬಳಕೆಯನ್ನು ನಿಷೇಧಿಸಿತು. ಒಣಗುಮನೆಯ ಚಾವಣಿ ಕೊಬ್ಬರಿಗೆ ತಾಗುವುದಿಲ್ಲ. ಆದರೂ ಹೋಳುಗಳನ್ನು ಹರಡುವ ತಟ್ಟೆಗಳಿಗೆ ಬೇರೆ ವಸ್ತುವನ್ನು ಆರಿಸುವುದು ಲೇಸು.

ಒಟ್ಟಿನಲ್ಲಿ, ಗಿಟುಕಿಗೆ ಅಟ್ಟವೇ ಸಾಕು. ಹೋಳು ಕೊಬ್ಬರಿಯನ್ನು ಬೂಷ್ಟು ಮತ್ತು ಹೊಗೆಯಿಂದ ಪಾರುಮಾಡುವಲ್ಲಿ ಪಾಲಿಕಾರ್ಬೊನೇಟ್ ಉಪಯುಕ್ತ. ಅದರ ಗುಣಗಳಷ್ಟೇ ಮಿತಿಗಳನ್ನೂ ಅರಿತು ಕಟ್ಟಿದಾಗ ಮಾತ್ರ ರೈತನು ತೊಡಗಿಸಿದ ಹಣ ಸಾರ್ಥಕವಾಗುತ್ತದೆ.